ಕ್ರಿಸ್ಮಸ್ ತಟ್ಟೆ ಮನೆಯಲ್ಲೇ ಸಿದ್ಧವಾಗಲಿ: ಕುಸ್ವಾರ್, ಪ್ಲಮ್ ಕೇಕ್ ಮತ್ತು ತಟ್ಟೆ ಮುಚ್ಚುವ ಬಟ್ಟೆ – ಸಮಗ್ರ ಮಾರ್ಗದರ್ಶಿ

ಮಂಗಳೂರು ಕಡೆಯ ಕ್ರೈಸ್ತ ಮನೆಗಳಿಂದ ಕ್ರಿಸ್ಮಸ್ ಹೊತ್ತಿಗೆ ನೆರೆಮನೆಗಳಿಗೆ ಒಂದು ತಟ್ಟೆ ಹೋಗುತ್ತದೆ. ಅದರಲ್ಲಿ ಎರಡು ತುಂಡು ಪ್ಲಮ್ ಕೇಕ್, ಒಂದು ಹಿಡಿ ಕಿಡಿಯೊ (ಸಕ್ಕರೆ ಹೊದಿಸಿದ ಪುಟ್ಟ ಸುರುಳಿ), ನಾಲ್ಕು ಕೊಕ್ಕಿಸಾಂ (ಹೂವಿನ ಅಚ್ಚಿನಲ್ಲಿ ಕರಿದ ಗರಿಗರಿ ತಿಂಡಿ), ಎರಡು ನೆವ್ರಿ (ಕರ್ಜಿಕಾಯಿಯಂಥದು). ಮೇಲೆ ಲೇಸ್ ಹಚ್ಚಿದ ಬಿಳಿ ಬಟ್ಟೆ. ತಿಂಡಿಗಳನ್ನೆಲ್ಲ ಒಟ್ಟಾಗಿ ಕುಸ್ವಾರ್ ಎನ್ನುತ್ತಾರೆ. ಕೊಂಕಣಿ ಮಾತಾಡುವ ಕಥೋಲಿಕ ಮನೆಗಳಲ್ಲಿ ಮಾತ್ರವಲ್ಲ, ಕನ್ನಡ ತುಳು ಮಾತಾಡುವ ಪ್ರೊಟೆಸ್ಟೆಂಟ್ ಮನೆಗಳಲ್ಲೂ ಈ ತಿಂಡಿಗಳು ಆಗುತ್ತವೆ. ಇಲ್ಲಿ ಆ ತಟ್ಟೆಯನ್ನು ಪೂರ್ತಿ, ಅಂದರೆ ತಿಂಡಿಯನ್ನೂ ಬಟ್ಟೆಯನ್ನೂ, ಮನೆಯಲ್ಲೇ ಮಾಡುವ ಕ್ರಮವಿದೆ.

ಕರಾವಳಿಯಲ್ಲಿ ಈ ಎಲ್ಲ ಕೆಲಸಕ್ಕೂ ಶತ್ರು ಒಂದೇ: ತೇವ. ಒಗೆಯದೆ ಹೊಲಿದ ಬಟ್ಟೆ ಮೊದಲ ಒಗೆತಕ್ಕೆ ಕುಗ್ಗಿ ಸೊಟ್ಟಗಾಗುತ್ತದೆ, ಒದ್ದೆ ದ್ರಾಕ್ಷಿ ಕೇಕಿನ ತಳಕ್ಕೆ ಇಳಿಯುತ್ತದೆ, ಬಿಸಿಯಿರುವಾಗಲೇ ಡಬ್ಬಿಗೆ ತುಂಬಿದ ಕೊಕ್ಕಿಸಾಂ ಮರುದಿನಕ್ಕೆ ಚರ್ಮದಂತೆ ಬಗ್ಗುತ್ತದೆ. ಹಂತಗಳಲ್ಲಿ ಅರ್ಧಕ್ಕರ್ಧ ಒಣಗಿಸುವ ಕೆಲಸವೇ ಇರುವುದು ಅದಕ್ಕಾಗಿ.

ಯಾವುದು ಮೊದಲು

ಕ್ರಿಸ್ಮಸ್‌ಗೆ ಸಿದ್ಧವಾಗುವ ಆಗಮನ ಕಾಲದ ಮೊದಲ ಭಾನುವಾರ ನವೆಂಬರ್ 27 ಮತ್ತು ಡಿಸೆಂಬರ್ 3ರ ನಡುವೆ ಬರುತ್ತದೆ. ಅದರ ಹಿಂದಿನ ವಾರವೇ ಒಣಹಣ್ಣು ನೆನೆಹಾಕಿ, ಅದೇ ದಿನ ಬಟ್ಟೆಯನ್ನೂ ನೀರಿಗೆ ಹಾಕಿ. ಡಿಸೆಂಬರ್ 10ರೊಳಗೆ ಕಸೂತಿ, ಹೊಲಿಗೆ ಮುಗಿಯಲಿ. ಎಣ್ಣೆ ಬಾಣಲೆ ಒಲೆಗೇರಿದ ಮೇಲೆ ಮನೆಯಲ್ಲಿ ಯಾರ ಕೈಯೂ ಬಿಳಿ ಬಟ್ಟೆ ಮುಟ್ಟುವ ಸ್ಥಿತಿಯಲ್ಲಿರುವುದಿಲ್ಲ. ಕೇಕ್ 12ರಿಂದ 15ರ ನಡುವೆ. ಗೋದಲಿಗೆ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಗೆ) ಹಸಿರು ಬೇಕಿದ್ದರೆ ಭತ್ತವನ್ನೋ ರಾಗಿಯನ್ನೋ ಒಂದು ರಾತ್ರಿ ನೆನೆಸಿ ಇದೇ ದಿನಗಳಲ್ಲಿ ಗೆರಟೆಯಲ್ಲಿ ಬಿತ್ತಿಬಿಡಿ, ಹತ್ತು ದಿನ ಸಾಕು. ಕಿಡಿಯೊ 18ಕ್ಕೆ, ಕೊಕ್ಕಿಸಾಂ ಮತ್ತು ನೆವ್ರಿ 21, 22ಕ್ಕೆ. ಸಕ್ಕರೆ ಹೊದಿಕೆಯ ಕಿಡಿಯೊ ಬಹಳ ದಿನ ಇರುತ್ತದೆ, ಉಳಿದೆರಡು ಇರುವುದಿಲ್ಲ.

ಹಣ್ಣು ನೆನೆಸುವುದು

ಒಂದು 20 ಸೆಂ.ಮೀ. ದುಂಡು ಕೇಕಿಗೆ: ಒಣದ್ರಾಕ್ಷಿ 150 ಗ್ರಾಂ, ಕಪ್ಪು ಒಣದ್ರಾಕ್ಷಿ 150 ಗ್ರಾಂ, ಬೀಜ ತೆಗೆದ ಖರ್ಜೂರ 100 ಗ್ರಾಂ, ಸಕ್ಕರೆಯಲ್ಲಿ ಹಾಕಿದ ಕಿತ್ತಳೆ ಸಿಪ್ಪೆ 50 ಗ್ರಾಂ. ದ್ರಾಕ್ಷಿಯನ್ನು ತೊಳೆದು, ಬಟ್ಟೆಯ ಮೇಲೆ ಹರವಿ ಎರಡು ಗಂಟೆ ಬಿಸಿಲಿಗೆ ಇಡಿ. ಖರ್ಜೂರವನ್ನು ದ್ರಾಕ್ಷಿಯಷ್ಟೇ ಚಿಕ್ಕದಾಗಿ ಹೆಚ್ಚಿ. ದೊಡ್ಡ ತುಂಡುಗಳಿದ್ದರೆ ಕೇಕ್ ಕೊಯ್ಯುವಾಗ ಅಲ್ಲೇ ಒಡೆಯುತ್ತದೆ.

ಎಲ್ಲವನ್ನೂ ಒಣಗಿದ ಗಾಜಿನ ಭರಣಿಗೆ ಹಾಕಿ 150 ಮಿ.ಲೀ. ರಮ್ ಸುರಿಯಿರಿ. ಹಣ್ಣು ಪೂರ್ತಿ ಮುಳುಗುವುದಿಲ್ಲ, ಮುಳುಗಬೇಕಾಗಿಯೂ ಇಲ್ಲ. ಎರಡು ದಿನಕ್ಕೊಮ್ಮೆ ಭರಣಿಯನ್ನು ತಲೆಕೆಳಗು ಮಾಡಿದರೆ ಸಾಕು. ರಮ್ ಬೇಡವೆಂದರೆ 150 ಮಿ.ಲೀ. ಕಿತ್ತಳೆ ರಸದಲ್ಲಿ ಹಣ್ಣನ್ನು ಸಣ್ಣ ಉರಿಯಲ್ಲಿ ಐದು ನಿಮಿಷ ಕುದಿಸಿ, ಆರಿಸಿ, ಫ್ರಿಜ್‌ನಲ್ಲಿಡಿ. ಆದರೆ ಇದನ್ನು ಮೂರು ವಾರ ಮೊದಲೇ ಮಾಡುವಂತಿಲ್ಲ, ಹುಳಿಯುತ್ತದೆ. ಕೇಕ್ ಬೇಯಿಸುವ ಎರಡು ದಿನ ಮೊದಲು ಮಾಡಿ.

ಟೂಟಿ ಫ್ರೂಟಿಯನ್ನು ನೆನೆಹಾಕಬೇಡಿ. ಅದು ಬಣ್ಣ ಹಾಕಿದ ಪಪ್ಪಾಯಿಕಾಯಿ. ರಮ್ಮಿನಲ್ಲಿ ಬಣ್ಣ ಬಿಟ್ಟು ಉಳಿದ ಹಣ್ಣನ್ನೂ ಕೆಡಿಸುತ್ತದೆ.

ತಟ್ಟೆ ಮುಚ್ಚುವ ಬಟ್ಟೆ

ಬಿಳಿ ಅಥವಾ ಕೆನೆಬಣ್ಣದ ಹತ್ತಿ ಕೇಸ್‌ಮೆಂಟ್ ಬಟ್ಟೆ ಒಳ್ಳೆಯದು. ಪಾಪ್ಲಿನ್ ತೆಳುವಾಯಿತು, ಕಸೂತಿಯ ಹಿಂಬದಿಯ ದಾರ ಎದ್ದು ಕಾಣುತ್ತದೆ. ಪಾಲಿಯೆಸ್ಟರ್ ಬೆರೆತದ್ದಂತೂ ಬೇಡ. ಎಣ್ಣೆಕಲೆ ಹಿಡಿದರೆ ಬಿಡುವುದಿಲ್ಲ, ಗಂಜಿಯೂ ಹಿಡಿಯುವುದಿಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್ ಹೆಂಚಿನ ಜೊತೆಗೆ ಮಗ್ಗದ ಬಟ್ಟೆಗೂ ಹೆಸರಾಗಿತ್ತು. ಹಳೆಯ ಮನೆಗಳ ಪೆಟ್ಟಿಗೆಯಲ್ಲಿ ದಪ್ಪ ಹತ್ತಿಯ ಮೇಜುವಸ್ತ್ರ ಉಳಿದಿದ್ದರೆ, ಅದರ ಸವೆಯದ ಭಾಗದಿಂದ ಈ ಬಟ್ಟೆ ಚೆನ್ನಾಗಿ ಬರುತ್ತದೆ. ಅದು ಕುಗ್ಗುವಷ್ಟು ಯಾವತ್ತೋ ಕುಗ್ಗಿ ಆಗಿರುತ್ತದೆ.

ಹೊಸ ಬಟ್ಟೆ ಮತ್ತು ಹತ್ತಿಯ ಲೇಸ್ ಎರಡನ್ನೂ ರಾತ್ರಿಯಿಡೀ ನೀರಲ್ಲಿಟ್ಟು, ಹಿಂಡದೆ ನೆರಳಲ್ಲಿ ಒಣಗಿಸಿ, ಇಸ್ತ್ರಿ ಹಾಕಿ. ಲೇಸನ್ನು ಬಿಟ್ಟು ಬಟ್ಟೆಯನ್ನಷ್ಟೇ ನೆನೆಸುವವರೇ ಜಾಸ್ತಿ. ಆಮೇಲೆ ಲೇಸ್ ಕುಗ್ಗಿ ಅಂಚು ದೋಣಿಯಂತೆ ಮೇಲಕ್ಕೆ ಬಾಗುತ್ತದೆ. ಅದನ್ನು ಬಿಚ್ಚಿ ಹೊಲಿಯದೆ ಬೇರೆ ದಾರಿಯಿಲ್ಲ.

30 ಸೆಂ.ಮೀ. ತಟ್ಟೆಗೆ 46 ಸೆಂ.ಮೀ. ಚೌಕ ಕತ್ತರಿಸಿ. ಸುತ್ತ 1 ಸೆಂ.ಮೀ. ಒಮ್ಮೆ, ಇನ್ನೊಂದು 1 ಸೆಂ.ಮೀ. ಮತ್ತೊಮ್ಮೆ ಮಡಚಿದರೆ 42 ಸೆಂ.ಮೀ. ಉಳಿಯುತ್ತದೆ. ಚೌಕವನ್ನು ಕತ್ತರಿಯ ಕಣ್ಣಳತೆಯಿಂದ ಕತ್ತರಿಸದೆ, ಬಟ್ಟೆಯ ಅಂಚಿನಿಂದ ಒಂದು ನೂಲು ಎಳೆದು ತೆಗೆಯಿರಿ. ನೂಲು ಹೋದ ಜಾಗದಲ್ಲಿ ಗೆರೆ ಬೀಳುತ್ತದೆ, ಅದರ ಮೇಲೆ ಕತ್ತರಿಸಿ. ಹೀಗೆ ಮಾಡಿದ ಚೌಕ ಎಷ್ಟು ಸಲ ಒಗೆದರೂ ಚೌಕವಾಗಿಯೇ ಇರುತ್ತದೆ.

ಅಂಚು ಮಡಚುವ ಮೊದಲೇ ಕಸೂತಿ. ಒಂದು ಮೂಲೆಯಲ್ಲಿ, ಎರಡೂ ಅಂಚಿನಿಂದ 7 ಸೆಂ.ಮೀ. ಒಳಗೆ, 5 ಸೆಂ.ಮೀ. ಅಗಲದ ಐದು ಮೂಲೆಯ ನಕ್ಷತ್ರ ಸಾಕು. ನಡುವಿನಲ್ಲಿ ಹಾಕಿದರೆ ತಿಂಡಿಯ ಉಬ್ಬಿನ ಮೇಲೆ ಕೂತು ಎಣ್ಣೆ ಹಿಡಿಯುತ್ತದೆ. ಆರೆಳೆಯ ಕಸೂತಿ ದಾರದಿಂದ ಮೂರೆಳೆ ಬೇರ್ಪಡಿಸಿ, ಒಂದು ಮೊಳಕ್ಕಿಂತ ಉದ್ದ ಬೇಡ, ಉದ್ದವಾದರೆ ಗಂಟಾಗುತ್ತದೆ. ಹೊರಗೆರೆ ಸರಪಳಿ ಹೊಲಿಗೆ, ಪ್ರತಿ ಕೊಂಡಿ 3 ಮಿ.ಮೀ. ನಕ್ಷತ್ರದ ತುದಿ ಮುಟ್ಟಿದಾಗ ಕೊನೆಯ ಕೊಂಡಿಯನ್ನು ಒಂದು ಚಿಕ್ಕ ಹೊಲಿಗೆಯಿಂದ ಕಟ್ಟಿ, ಅದೇ ಕೊಂಡಿಯ ಒಳಗಿಂದ ಸೂಜಿ ಮೇಲೆತ್ತಿ ಹೊಸ ದಿಕ್ಕಿಗೆ ತಿರುಗಿ. ಕಟ್ಟದೆ ತಿರುಗಿದರೆ ತುದಿ ಮೊಂಡಾಗಿ ನಕ್ಷತ್ರ ದಾಸವಾಳದಂತೆ ಕಾಣುತ್ತದೆ. ಕೆಲಸ ನಿಲ್ಲಿಸಿದಾಗಲೆಲ್ಲ ಬಟ್ಟೆಯನ್ನು ಚೌಕಟ್ಟಿನಿಂದ ಬಿಚ್ಚಿಡಿ. ಪೆನ್ಸಿಲ್ ಅಥವಾ ಕಾರ್ಬನ್ ಗುರುತು ತೊಳೆದು ಹೋಗುವ ತನಕ ಇಸ್ತ್ರಿ ಮುಟ್ಟಿಸಬೇಡಿ. ಬಿಸಿ ತಗುಲಿದರೆ ಗುರುತು ಕೂತುಬಿಡುತ್ತದೆ.

ಕೆಂಪು ದಾರದ ಬಣ್ಣ ಬಿಡುತ್ತದೋ ಎಂದು ಮೊದಲೇ ನೋಡಿ: ಒಂದು ತುಂಡನ್ನು ಒದ್ದೆ ಮಾಡಿ ಬಿಳಿ ಬಟ್ಟೆಯ ಮಡಿಕೆಯಲ್ಲಿಟ್ಟು ಇಸ್ತ್ರಿಯಿಂದ ಒತ್ತಿ. ಗುಲಾಬಿ ಕಲೆ ಬಿದ್ದರೆ ಆ ದಾರ ಬೇಡ. ಉಪ್ಪು ನೀರಲ್ಲಿ, ವಿನೆಗರ್‌ನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂಬ ಮಾತನ್ನು ನಂಬಿ ಬಿಳಿ ಬಟ್ಟೆ ಹಾಳುಮಾಡಿಕೊಳ್ಳಬೇಡಿ.

ಮೂಲೆ ಮಡಚುವ ಕ್ರಮ: ನಾಲ್ಕೂ ಕಡೆ ಎರಡು ಮಡಿಕೆಯನ್ನು ಇಸ್ತ್ರಿಯಿಂದ ಒತ್ತಿ, ಮತ್ತೆ ಪೂರ್ತಿ ಬಿಚ್ಚಿ. ಒಳಗಿನ ಎರಡು ಗೆರೆಗಳು ಸೇರುವ ಬಿಂದುವಿನ ಮೇಲೆ ಹಾಯುವಂತೆ ಮೂಲೆಯನ್ನು ಓರೆಯಾಗಿ ಒಳಕ್ಕೆ ಮಡಚಿ. ಆ ಓರೆ ಮಡಿಕೆಯಿಂದ ಅರ್ಧ ಸೆಂ.ಮೀ. ಬಿಟ್ಟು ತುದಿಯನ್ನು ಕತ್ತರಿಸಿ. ಈಗ ಎರಡೂ ಬದಿಯನ್ನು ಮೊದಲಿನ ಗೆರೆಗಳ ಮೇಲೆಯೇ ಮಡಚಿದರೆ ಮೂಲೆಯಲ್ಲಿ ಎರಡು ಅಂಚು ಓರೆಗೆರೆಯಲ್ಲಿ ಕೂಡುತ್ತವೆ. ತುದಿ ಕತ್ತರಿಸದೆ ಮಡಚಿದರೆ ಅಲ್ಲಿ ಹಲವು ಪದರ ಸೇರಿ ಸೂಜಿ ಮುರಿಯುತ್ತದೆ. 14ನೇ ನಂಬರಿನ ಸೂಜಿ, 2.5 ಮಿ.ಮೀ. ಹೊಲಿಗೆ.

ಲೇಸ್ 2 ಮೀಟರ್ ಬೇಕು. ನಾಲ್ಕು ಬದಿಗೆ 168 ಸೆಂ.ಮೀ., ಪ್ರತಿ ಮೂಲೆಗೆ 4 ಸೆಂ.ಮೀ. ಹೆಚ್ಚುವರಿ, ಜೋಡಿಸಲು ಸ್ವಲ್ಪ. ಮೂಲೆಯಲ್ಲಿ ಆ 4 ಸೆಂ.ಮೀ. ಅನ್ನು ಸಣ್ಣ ನೆರಿಗೆ ಮಾಡಿ ಹೊಲಿಯಿರಿ. ಜೋಡಣೆ ಮೂಲೆಯಲ್ಲಿ ಬಾರದಂತೆ, ಒಂದು ಬದಿಯ ನಡುವಿನಿಂದ ಶುರುಮಾಡಿ.

ಕೊನೆಗೆ ಗಂಜಿ. ಮನೆಯಲ್ಲಿ ದಿನಾ ಬೇಯುವ ಕುಚ್ಚಲಕ್ಕಿಯ ತಿಳಿ ಕೈಗೆ ಸುಲಭವಾಗಿ ಸಿಗುತ್ತದೆ, ಆದರೆ ಅದು ಕೆಂಪಗಿರುತ್ತದೆ, ಬಿಳಿ ಬಟ್ಟೆ ಮಾಸಲಾಗುತ್ತದೆ. ಬೆಳ್ತಿಗೆ (ಬಿಳಿ) ಅಕ್ಕಿಯ ತಿಳಿಯನ್ನು ಸೋಸಿ, ಅಷ್ಟೇ ನೀರು ಬೆರೆಸಿ ಅದ್ದಿ. ಅರೆ ಒಣಗಿದಾಗ ಹಿಂಬದಿಯಿಂದ ಇಸ್ತ್ರಿ ಹಾಕಿದರೆ ಕಸೂತಿ ಎದ್ದು ನಿಲ್ಲುತ್ತದೆ.

ಮಕ್ಕಳಿಗೊಂದು ಸ್ಟಾಕಿಂಗ್

ಇದು ನಮ್ಮ ಕಡೆಯ ಹಳೆಯ ಪದ್ಧತಿಯಲ್ಲ, ಆದರೆ ಈಗ ಮಕ್ಕಳು ಕೇಳುತ್ತಾರೆ. 90 ಸೆಂ.ಮೀ. ಪನ್ನದ ಕೆಂಪು ಬಟ್ಟೆ ಅರ್ಧ ಮೀಟರ್, ಒಳಗಿಗೆ ಬಿಳಿ ಅರ್ಧ ಮೀಟರ್. ಪತ್ರಿಕೆಯ ಕಾಗದದ ಮೇಲೆ 40 ಸೆಂ.ಮೀ. ಎತ್ತರ, ಕಾಲಿನ ಅಗಲ 16, ಪಾದದ ಉದ್ದ 26 ಸೆಂ.ಮೀ. ಇರುವ ಕಾಲುಚೀಲದ ಆಕಾರ ಬರೆಯಿರಿ. ಹೊಲಿಗೆಯ 1 ಸೆಂ.ಮೀ. ಇದರಲ್ಲೇ ಸೇರಿದೆ. ಬಟ್ಟೆಯನ್ನು ಎರಡು ಮಡಿಕೆ ಮಾಡಿಯೇ ಕತ್ತರಿಸಿ. ಒಂದೊಂದಾಗಿ ಕತ್ತರಿಸಿದರೆ ಎರಡು ಪಾದವೂ ಒಂದೇ ದಿಕ್ಕಿಗೆ ಬಂದು, ಒಂದರ ಒಳಮೈ ಹೊರಗೆ ಬರುತ್ತದೆ.

ಕೆಂಪು ಜೋಡಿಯನ್ನು ಒಳಮೈ ಹೊರಗಾಗಿ, ಬಾಯಿ ಬಿಟ್ಟು ಸುತ್ತ ಹೊಲಿಯಿರಿ. ಬಿಳಿ ಜೋಡಿಗೂ ಹಾಗೆಯೇ, ಆದರೆ ಪಾದದ ತಳದಲ್ಲಿ 8 ಸೆಂ.ಮೀ. ಹೊಲಿಯದೆ ಬಿಡಿ. ಪಾದ ತಿರುಗುವ ಒಳಬಾಗಿನಲ್ಲಿ ಹೊಲಿಗೆಯ ಹತ್ತಿರದವರೆಗೆ ನಾಲ್ಕೈದು ಕಚ್ಚು ಹಾಕಿ. ಕಚ್ಚು ಹಾಕದಿದ್ದರೆ ತಿರುಗಿಸಿದಾಗ ಅಲ್ಲಿ ಸುಕ್ಕು ನಿಲ್ಲುತ್ತದೆ. ಕೆಂಪು ಚೀಲವನ್ನು ಸರಿಮೈಗೆ ತಿರುಗಿಸಿ ಬಿಳಿಯ ಒಳಗೆ ಇಳಿಸಿ. 15 ಸೆಂ.ಮೀ. ಪಟ್ಟಿಯನ್ನು ಎರಡಾಗಿ ಮಡಚಿದ ಕುಣಿಕೆಯನ್ನು ಹಿಮ್ಮಡಿಯ ಬದಿಯ ಹೊಲಿಗೆಯ ಹತ್ತಿರ, ಕುಣಿಕೆ ಕೆಳಮುಖವಾಗಿ, ಎರಡು ಬಟ್ಟೆಯ ನಡುವೆ ಸಿಕ್ಕಿಸಿ ಬಾಯಿಯ ಸುತ್ತ ಹೊಲಿಯಿರಿ. ಬಿಟ್ಟ ಜಾಗದಿಂದ ಎಲ್ಲವನ್ನೂ ಹೊರಗೆಳೆದು ಆ ಜಾಗವನ್ನು ಕೈಹೊಲಿಗೆಯಿಂದ ಮುಚ್ಚಿ, ಒಳಚೀಲವನ್ನು ಒಳಕ್ಕೆ ತಳ್ಳಿ.

ಪ್ಲಮ್ ಕೇಕ್

ನೆನೆದ ಹಣ್ಣಿನ ಜೊತೆಗೆ: ಮೈದಾ 250 ಗ್ರಾಂ, ಬೆಣ್ಣೆ 225 ಗ್ರಾಂ, ಪುಡಿಸಕ್ಕರೆ 175 ಗ್ರಾಂ, ಮೊಟ್ಟೆ 4, ಬೇಕಿಂಗ್ ಪೌಡರ್ ಒಂದು ಮಟ್ಟಸ ಟೀ ಚಮಚ, ಗೋಡಂಬಿ ತುಂಡು 100 ಗ್ರಾಂ, ಟೂಟಿ ಫ್ರೂಟಿ 50 ಗ್ರಾಂ. ಒಂದಿಂಚಿನ ಎರಡು ಚೂರು ದಾಲ್ಚಿನ್ನಿ, 6 ಲವಂಗ, 4 ಏಲಕ್ಕಿ, ಕಾಲು ಜಾಯಿಕಾಯಿ ಸೇರಿಸಿ ಪುಡಿಮಾಡಿ. ಉಪ್ಪು ಹಾಕಿದ ಬೆಣ್ಣೆಯಾದರೆ ಬೇರೆ ಉಪ್ಪು ಬೇಡ.

ಕ್ಯಾರಮೆಲ್ ಮೊದಲು, ಅದು ಪೂರ್ತಿ ಆರಬೇಕು. ದಪ್ಪ ತಳದ ಪಾತ್ರೆಯಲ್ಲಿ 100 ಗ್ರಾಂ ಸಕ್ಕರೆಯನ್ನು ಮಧ್ಯಮ ಉರಿಗಿಡಿ. ಬದಿಗಳಲ್ಲಿ ಕರಗಲು ಶುರುವಾದಾಗ ಪಾತ್ರೆಯನ್ನಷ್ಟೇ ಅಲ್ಲಾಡಿಸಿ, ಚಮಚ ಹಾಕಬೇಡಿ. ಜೇನಿನ ಬಣ್ಣ, ಆಮೇಲೆ ಕಟ್ಟ ಚಹಾದ ಬಣ್ಣ, ಆಮೇಲೆ ಅಂಚಿನಿಂದ ಸಣ್ಣ ನೊರೆ ಎದ್ದು ತೆಳು ಹೊಗೆ. ಆ ಹೊಗೆ ಕಂಡ ಕ್ಷಣ ಒಲೆ ಆರಿಸಿ. ಚಹಾದ ಬಣ್ಣಕ್ಕೇ ನಿಲ್ಲಿಸಿದರೆ ಕೇಕ್ ಸಪ್ಪೆ ಕಂದು, ಹೊಗೆ ಬಂದ ಮೇಲೂ ಹತ್ತು ಸೆಕೆಂಡ್ ಬಿಟ್ಟರೆ ಕಹಿ. ಮುಖ ಹಿಂದಕ್ಕೆ ಸರಿಸಿ, ಉದ್ದ ಹಿಡಿಯ ಸೌಟಿನಲ್ಲಿ 60 ಮಿ.ಲೀ. ಬಿಸಿನೀರನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ. ಜೋರಾಗಿ ಸಿಡಿಯುತ್ತದೆ. ತಣ್ಣೀರು ಹಾಕಿದರೆ ಇನ್ನೂ ಜೋರಾಗಿ ಸಿಡಿದು ಸಕ್ಕರೆ ಗಟ್ಟಿ ಕಲ್ಲಾಗುತ್ತದೆ. ಕಲ್ಲಾದರೆ ಗಾಬರಿ ಬೇಡ, ಸಣ್ಣ ಉರಿಯಲ್ಲಿಟ್ಟರೆ ಕರಗುತ್ತದೆ.

ಟಿನ್ನಿನ ಒಳಗೆ ಎರಡು ಪದರ ಬಟರ್ ಪೇಪರ್, ಹೊರಗೆ ಕಂದು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಸುತ್ತಿ ದಾರ ಕಟ್ಟಿ. ಎರಡು ಗಂಟೆ ಬೇಯುವ ಕೇಕಿನ ಬದಿ ಸೀಯದಂತೆ ತಡೆಯುವುದು ಈ ಸುತ್ತು. ಕಾಗದ ಕಾಯಿಸುವ ಸರಳಿಗೆ ತಾಗದಂತೆ ನೋಡಿಕೊಳ್ಳಿ.

ಬೆಣ್ಣೆಯನ್ನು ‘ಕೋಣೆಯ ಉಷ್ಣತೆಗೆ’ ತರಬೇಕೆಂದು ಎಲ್ಲ ಕಡೆ ಬರೆದಿರುತ್ತದೆ. ಕರಾವಳಿಯ ಕೋಣೆ ಡಿಸೆಂಬರಿನಲ್ಲೂ ಬೆಣ್ಣೆಗೆ ಬಿಸಿಯೇ. ಫ್ರಿಜ್‌ನಿಂದ ತೆಗೆದು ಅರ್ಧ ಗಂಟೆ ಸಾಕು. ಬೆರಳೊತ್ತಿದರೆ ಗುಳಿ ಬೀಳಬೇಕು, ಆದರೆ ಮೇಲೆ ಹೊಳಪು ಬಂದಿರಬಾರದು. ಹೊಳಪು ಬಂದ ಬೆಣ್ಣೆ ಗಾಳಿ ಹಿಡಿಯುವುದಿಲ್ಲ. ಸಕ್ಕರೆ ಸೇರಿಸಿ ಬಿಳಿಚಿ ಹಗುರಾಗುವ ತನಕ ಏಳೆಂಟು ನಿಮಿಷ ತಿರುವಿ. ಮೊಟ್ಟೆ ಒಂದೊಂದೇ, ಮೂರನೆಯದರಿಂದ ಜೊತೆಗೆ ಒಂದು ಚಮಚ ಮೈದಾ. ಒಡೆದ ಹಾಲಿನಂತೆ ಕಂಡರೆ ಮೊಟ್ಟೆ ತಣ್ಣಗಿತ್ತೆಂದು ಅರ್ಥ. ಇನ್ನೊಂದು ಚಮಚ ಮೈದಾ ಹಾಕಿದರೆ ಸರಿಹೋಗುತ್ತದೆ.

ಕ್ಯಾರಮೆಲ್ ಸೇರಿಸಿ. ಜರಡಿ ಹಿಡಿದ ಮೈದಾ, ಬೇಕಿಂಗ್ ಪೌಡರ್, ಮಸಾಲೆಪುಡಿಯನ್ನು ಮೂರು ಸಲಕ್ಕೆ ಸೌಟಿನಿಂದ ಮಗುಚಿ ಬೆರೆಸಿ, ಬೀಟರ್ ಬೇಡ. ಹಣ್ಣನ್ನು ಸೋಸಿ, ಅದೇ ಮೈದಾದಿಂದ ಮೊದಲೇ ತೆಗೆದಿಟ್ಟ ಎರಡು ದೊಡ್ಡ ಚಮಚದಲ್ಲಿ ಹೊರಳಿಸಿ ಕೊನೆಗೆ ಹಾಕಿ, ಗೋಡಂಬಿ ಮತ್ತು ಟೂಟಿ ಫ್ರೂಟಿ ಅದರೊಂದಿಗೇ. ಹಿಟ್ಟು ಸೌಟಿನಿಂದ ಸುರಿಯಬಾರದು, ತೊಪ್ಪೆಂದು ಬೀಳಬೇಕು. ಸುರಿಯುವಂತಿದ್ದರೆ ಹಣ್ಣು ತಳಕ್ಕಿಳಿಯುವುದು ಖಂಡಿತ. ಟಿನ್ನಿಗೆ ಹಾಕಿ ನಡುವೆ ಸ್ವಲ್ಪ ತಗ್ಗು ಮಾಡಿ.

ಮೊದಲೇ ಕಾಯಿಸಿದ ಓವನ್‌ನಲ್ಲಿ 150 ಡಿಗ್ರಿ ಸೆಲ್ಸಿಯಸ್, ಎರಡು ಗಂಟೆ. ಒಂದು ಗಂಟೆಯಾಗುವ ತನಕ ಬಾಗಿಲು ತೆರೆಯಬೇಡಿ. ಆಮೇಲೆ ಮೇಲ್ಭಾಗ ಕಪ್ಪಾಗುತ್ತಿದ್ದರೆ ಫಾಯಿಲ್ ಮುಚ್ಚಿ. ಒಂದೂಮುಕ್ಕಾಲು ಗಂಟೆಗೆ ಕಡ್ಡಿ ಚುಚ್ಚಿ ನೋಡಿ. ಮೇಲೆ ಉಬ್ಬಿ ಬಿರುಕು ಬಿಟ್ಟು ಒಳಗೆ ಹಸಿಯಿದ್ದರೆ ಓವನ್ ಗುಂಡಿ ತೋರಿಸುವುದಕ್ಕಿಂತ ಹೆಚ್ಚು ಕಾಯುತ್ತಿದೆ. ಸಣ್ಣ ಓಟಿಜಿಗಳಲ್ಲಿ (ಮೇಜಿನ ಮೇಲಿಡುವ ವಿದ್ಯುತ್ ಓವನ್‌ಗಳಲ್ಲಿ) ಇದು ಮಾಮೂಲು, ಮುಂದಿನ ಸಲ 140ಕ್ಕೆ ಇಳಿಸಿ. ಟಿನ್ನಿನಲ್ಲೇ ರಾತ್ರಿಯಿಡೀ ಆರಲಿ. ಮರುದಿನ ಕಡ್ಡಿಯಿಂದ ಚುಚ್ಚಿ ಎರಡು ದೊಡ್ಡ ಚಮಚ ರಮ್ ಹನಿಸಿ, ಬಟರ್ ಪೇಪರ್‌ನಲ್ಲಿ ಸುತ್ತಿ ಡಬ್ಬಿಗಿಡಿ. ವಾರದ ನಂತರ ಇನ್ನೊಮ್ಮೆ. ಮೂರು ದಿನಕ್ಕೆ ಮೊದಲು ಕೊಯ್ದರೆ ಪುಡಿಯಾಗುತ್ತದೆ. ಕಿತ್ತಳೆ ರಸದ ಕೇಕ್‌ಗೆ ಈ ಆಯುಷ್ಯವಿಲ್ಲ. ಅದನ್ನು 20ರ ನಂತರವೇ ಬೇಯಿಸಿ ಫ್ರಿಜ್‌ನಲ್ಲಿಡಿ.

ಕಿಡಿಯೊ

ಮೈದಾ 500 ಗ್ರಾಂ, ಪುಡಿಸಕ್ಕರೆ ಎರಡು ದೊಡ್ಡ ಚಮಚ, ಉಪ್ಪು ಅರ್ಧ ಟೀ ಚಮಚ. ಎರಡು ದೊಡ್ಡ ಚಮಚ ಬಿಸಿ ತುಪ್ಪ ಹಾಕಿ ಉಜ್ಜಿ. ಒಂದು ಮೊಟ್ಟೆ, ಆಮೇಲೆ ದಪ್ಪ ತೆಂಗಿನಹಾಲು ಸುಮಾರು 200 ಮಿ.ಲೀ. ಸ್ವಲ್ಪ ಸ್ವಲ್ಪವಾಗಿ ಸೇರಿಸಿ ಪೂರಿ ಹಿಟ್ಟಿನಷ್ಟು ಗಟ್ಟಿಗೆ ನಾದಿ, ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಿ.

ಗೋಲಿಗಿಂತ ಸ್ವಲ್ಪ ಚಿಕ್ಕ ಉಂಡೆಯನ್ನು ಎಣ್ಣೆ ಸವರಿದ ಫೋರ್ಕಿನ ಬೆನ್ನಿಗೆ, ಅಥವಾ ಇದಕ್ಕೆಂದೇ ಇಟ್ಟ ಹೊಸ ಬಾಚಣಿಗೆಗೆ, ಹೆಬ್ಬೆರಳಿನಿಂದ ಒತ್ತಿ ತೆಳುವಾಗಿ ಹರಡಿ, ತುದಿಯಿಂದ ಸುರುಳಿ ಸುತ್ತಿ. ಸುರುಳಿಯ ಕೊನೆಯನ್ನು ಅದುಮಬೇಕು, ಇಲ್ಲದಿದ್ದರೆ ಎಣ್ಣೆಯಲ್ಲಿ ಬಿಚ್ಚಿಕೊಂಡು ಹಪ್ಪಳದ ಚೂರಾಗುತ್ತದೆ. ದಪ್ಪಗೆ ಒತ್ತಿದರೆ ಹೊರಗೆ ಕೆಂಪಾಗಿ ಒಳಗೆ ಹಿಟ್ಟು ಉಳಿಯುತ್ತದೆ. ಸುಮಾರು 200 ಆಗುತ್ತವೆ, ಮೂರು ಜನ ಕೂತರೆ ಒಂದೂವರೆ ಗಂಟೆಯ ಕೆಲಸ. ಮಕ್ಕಳಿಗೆ ಕೊಡಲು ಇದಕ್ಕಿಂತ ಒಳ್ಳೆಯ ಕೆಲಸವಿಲ್ಲ, ಆಕಾರ ಕೆಟ್ಟರೂ ಸಕ್ಕರೆ ಮುಚ್ಚುತ್ತದೆ. ಮಧ್ಯಮ ಉರಿಯಲ್ಲಿ ಹೊಂಬಣ್ಣಕ್ಕೆ ಕರಿಯಿರಿ, ಒಂದು ಒಬ್ಬೆಗೆ ನಾಲ್ಕೈದು ನಿಮಿಷ.

ಪೂರ್ತಿ ಆರಿದ ಮೇಲೆ ಪಾಕ: ಸಕ್ಕರೆ 250 ಗ್ರಾಂ, ನೀರು 80 ಮಿ.ಲೀ. ಎರಡೆಳೆ ಪಾಕ ಬಂದಾಗ ಕಿಡಿಯೊ ಸುರಿದು, ಒಲೆಯಿಂದ ಇಳಿಸಿ, ಸಕ್ಕರೆ ಬೆಳ್ಳಗೆ ಒಣಗಿ ಅಂಟುವ ತನಕ ಕೈಬಿಡದೆ ಮಗುಚಿ. ಒಂದೆಳೆಗೇ ಹಾಕಿದರೆ ಹೊದಿಕೆ ಒಣಗುವುದೇ ಇಲ್ಲ, ಎಲ್ಲ ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತದೆ.

ಕೊಕ್ಕಿಸಾಂ

ಗುಲಾಬಿ ಅಚ್ಚಿನದು. ಮೈದಾ 250 ಗ್ರಾಂ, ಅಕ್ಕಿಹಿಟ್ಟು ಎರಡು ದೊಡ್ಡ ಚಮಚ, ಪುಡಿಸಕ್ಕರೆ 100 ಗ್ರಾಂ, ಮೊಟ್ಟೆ 2, ತೆಂಗಿನಹಾಲು 300 ಮಿ.ಲೀ., ಕರಿ ಎಳ್ಳು ಒಂದು ಟೀ ಚಮಚ, ಚಿಟಿಕೆ ಉಪ್ಪು. ಗಂಟಿಲ್ಲದಂತೆ ಕಲಸಿ ಅರ್ಧ ಗಂಟೆ ಬಿಡಿ. ನೀರುದೋಸೆಗಿಂತ ದಪ್ಪ, ಉದ್ದಿನ ದೋಸೆಗಿಂತ ತೆಳು.

ಸೋಲುವುದೆಲ್ಲ ಅಚ್ಚಿನಲ್ಲಿ. ಹೊಸ ಕಬ್ಬಿಣದ ಅಚ್ಚನ್ನು ಒಂದು ರಾತ್ರಿ ಗಂಜಿ ತಿಳಿಯಲ್ಲಿಟ್ಟು, ತೊಳೆದು ಒರೆಸಿ, ಇನ್ನೊಂದು ರಾತ್ರಿ ಎಣ್ಣೆಯಲ್ಲಿಡಿ. ಕರಿಯುವ ದಿನ ಎಣ್ಣೆಯೊಳಗೇ ಹತ್ತು ನಿಮಿಷ ಕಾಯಲಿ. ಅಚ್ಚನ್ನು ಎತ್ತಿ, ಎಣ್ಣೆ ಝಾಡಿಸಿ, ಹಿಟ್ಟಿಗೆ ಮುಕ್ಕಾಲು ಆಳಕ್ಕೆ ಮಾತ್ರ ಅದ್ದಿ. ‘ಸುಂಯ್’ ಎಂಬ ಸಣ್ಣ ಸದ್ದು ಕೇಳಬೇಕು. ಸದ್ದಿಲ್ಲದಿದ್ದರೆ ಅಚ್ಚು ತಣ್ಣಗಿದೆ, ಹಿಟ್ಟು ಹಿಡಿಯದೆ ಜಾರುತ್ತದೆ. ಚಟಪಟ ಸಿಡಿದರೆ ತೀರಾ ಕಾದಿದೆ, ಹಿಟ್ಟು ಅಲ್ಲೇ ಬೆಂದು ಪಾತ್ರೆಯಲ್ಲಿ ಉದುರುತ್ತದೆ. ಅಚ್ಚಿನ ಮೇಲ್ಮೈ ದಾಟಿ ಹಿಟ್ಟು ಹತ್ತಿದರಂತೂ ಹೂ ಅಚ್ಚನ್ನೇ ತಬ್ಬಿಕೊಳ್ಳುತ್ತದೆ, ಚಾಕು ಹಾಕಿ ಕೆರೆಯಬೇಕು. ಎಣ್ಣೆಗಿಳಿಸಿ ಹದಿನೈದು ಇಪ್ಪತ್ತು ಸೆಕೆಂಡಿಗೆ ಮೆಲ್ಲಗೆ ಅಲ್ಲಾಡಿಸಿದರೆ ಕಳಚುತ್ತದೆ. ಮೊದಲ ಎರಡು ಮೂರು ಹಾಳಾಗುವುದು ಲೆಕ್ಕಕ್ಕಿಲ್ಲ. ತಿಳಿ ಹೊಂಬಣ್ಣಕ್ಕೇ ತೆಗೆಯಿರಿ, ಹೊರಗೆ ಬಂದ ಮೇಲೂ ಬಣ್ಣ ಏರುತ್ತದೆ. ಬಿಸಿಯಲ್ಲಿ ಮೆತ್ತಗಿದ್ದು ಆರಿದಾಗ ಗರಿಗರಿ.

ನೆವ್ರಿ

ಕರ್ಜಿಕಾಯಿ ಮಾಡಿ ಗೊತ್ತಿದ್ದವರಿಗೆ ಹೊಸದೇನಿಲ್ಲ. ಮೈದಾ 250 ಗ್ರಾಂ, ಬಿಸಿ ತುಪ್ಪ ಎರಡು ದೊಡ್ಡ ಚಮಚ, ನೀರು ಸುಮಾರು 100 ಮಿ.ಲೀ. ಹೂರಣಕ್ಕೆ ಹುರಿದ ಕೊಬ್ಬರಿ ತುರಿ 100 ಗ್ರಾಂ, ಹುರಿದ ಬಿಳಿ ಎಳ್ಳು 50, ಪುಡಿಸಕ್ಕರೆ 100, ಗೋಡಂಬಿ 30 ಗ್ರಾಂ, ಏಲಕ್ಕಿ. ಹಸಿ ತೆಂಗಿನತುರಿ ಹಾಕಿದರೆ ರುಚಿ ಹೆಚ್ಚು, ಆದರೆ ಮೂರು ದಿನಕ್ಕೆ ಕಮಟು. ಅಂಚಿಗೆ ಹಾಲು ಸವರಿ ಒತ್ತಿ, ಹಲ್ಲುಚಕ್ರದಿಂದ ಕತ್ತರಿಸಿ. ಒಂದು ನೆವ್ರಿ ಎಣ್ಣೆಯಲ್ಲಿ ಬಾಯಿಬಿಟ್ಟರೆ ಸಕ್ಕರೆ ಸೀದು ಆ ಎಣ್ಣೆಯೇ ಕೆಡುತ್ತದೆ. ಅದಕ್ಕೇ ಇದನ್ನು ಎಲ್ಲದಕ್ಕಿಂತ ಕೊನೆಗೆ ಕರಿಯುವುದು.

ಡಬ್ಬಿ ಮತ್ತು ತಟ್ಟೆ

ಕರಿದದ್ದನ್ನು ಕನಿಷ್ಠ ಎರಡು ಗಂಟೆ ಹರವಿ ಆರಿಸಿ ಡಬ್ಬಿಗೆ ತುಂಬಿ. ಕೇಕ್ ಇರುವ ಡಬ್ಬಿಯಲ್ಲಿ ಕೊಕ್ಕಿಸಾಂ ಇಡಬೇಡಿ, ಕೇಕಿನ ಪಸೆಯನ್ನೆಲ್ಲ ಅದು ಎಳೆದುಕೊಳ್ಳುತ್ತದೆ. ಮೆತ್ತಗಾದ ಕೊಕ್ಕಿಸಾಂ 120 ಡಿಗ್ರಿ ಓವನ್‌ನಲ್ಲಿ ಐದಾರು ನಿಮಿಷಕ್ಕೆ ಸರಿಯಾಗುತ್ತದೆ. ತಟ್ಟೆಯಲ್ಲಿ ಕೇಕನ್ನು ಬಟರ್ ಪೇಪರ್‌ನಲ್ಲಿ ಸುತ್ತಿ ಒಂದು ಬದಿಗಿಟ್ಟು, ಎಲ್ಲದರ ಮೇಲೆ ಇನ್ನೊಂದು ಹಾಳೆ ಹರಡಿ, ಆಮೇಲೆ ಬಟ್ಟೆ ಹೊದಿಸಿ.

ತಟ್ಟೆ ಖಾಲಿ ಮರಳಿಸಬಾರದೆಂದು ನೆರೆಮನೆಯವರು ಏನಾದರೂ ಹಾಕಿ ಕಳಿಸಲು ನಾಲ್ಕು ದಿನ ಕಾಯುತ್ತಾರೆ. ಅಷ್ಟರಲ್ಲಿ ಐದಾರು ಮನೆಯ ಬಿಳಿ ಬಟ್ಟೆಗಳು ಒಂದೇ ಕಡೆ ಸೇರಿರುತ್ತವೆ. ಹಾಗಾಗಿ ಹಿಂಬದಿಯ ಮೂಲೆಯಲ್ಲಿ ಮನೆಹೆಸರಿನ ಮೊದಲ ಅಕ್ಷರವನ್ನು ದಾರದಲ್ಲಿ ಹೊಲಿದಿಡಿ. ವಾಪಸು ಬಂದ ಬಟ್ಟೆಯಲ್ಲಿ ಎಣ್ಣೆಕಲೆಯಿದ್ದರೆ ನೀರು ಮುಟ್ಟಿಸುವ ಮೊದಲು ಕಡಲೆಹಿಟ್ಟು ಉದುರಿಸಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಝಾಡಿಸಿ, ಸೋಪು ಉಜ್ಜಿ ಒಗೆಯಿರಿ. ಕಲೆ ಪೂರ್ತಿ ಹೋಯಿತೆಂದು ಬಿಸಿಲಲ್ಲಿ ಹಿಡಿದು ನೋಡಿದ ಮೇಲೆಯೇ ಇಸ್ತ್ರಿ.